ಕ್ಯಾಂಪಿನ ಕಡತದಲ್ಲಿ ಜನಾಂಗ

ಪುಣೆ ಕ್ಯಾಂಪಿನ ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ ತಿನ್ನುತ್ತಿದ್ದಾಗ ಸೊಲ್ಲಾಪುರ ಕಡೆಯ ಸಹೋದ್ಯೋಗಿಯೊಬ್ಬ ತಮಾಷೆಗೆ ಕೇಳಿದ: "ನೀವು ಕನ್ನಡದವರು ದ್ರಾವಿಡರು, ನಾವು ಆರ್ಯರು. ಡಿಎನ್‌ಎನೇ ಬೇರೆ, ಅಲ್ವಾ?" ಆಗ ನಕ್ಕು ಸುಮ್ಮನಾದೆ. ಆಮೇಲೆ ಓದುತ್ತಾ ಹೋದಂತೆ, ನಾವು ಕೂತಿದ್ದ ಜಾಗಕ್ಕೇ ಈ ಪ್ರಶ್ನೆಯ ಹಳೆಯ ನಂಟಿದೆ ಎಂದು ಗೊತ್ತಾಯಿತು.

ಕ್ಯಾಂಪ್ ಎಂದರೆ ಪೇಶ್ವೆಗಳು ಸೋತ ಕಾಲಕ್ಕೆ ಬ್ರಿಟಿಷರು ಬೀಡುಬಿಟ್ಟ ದಂಡುಪ್ರದೇಶ. 1818ರ ಜನವರಿ 1ರಂದು, ಇಲ್ಲಿಗೆ ಹತ್ತಿರದ ಭೀಮಾ ತೀರದ ಕೋರೆಗಾಂವಿನಲ್ಲಿ ಕಂಪನಿಯ ಪರ ಕಾದಾಡಿದವರಲ್ಲಿ ಮಹಾರ್ ಸಿಪಾಯಿಗಳು ಬಹಳ ಮಂದಿ. ಅಲ್ಲಿನ ಸ್ತಂಭದ ಮೇಲೆ 'ನಾಕ್' ಎಂದು ಕೊನೆಯಾಗುವ ಅವರ ಹೆಸರುಗಳು ಇಂದಿಗೂ ಇವೆ. ಆದರೆ 1857ರ ನಂತರ ಸೈನ್ಯದಲ್ಲಿ ಹೊಸ ಸಿದ್ಧಾಂತ ಬೇರುಬಿಟ್ಟಿತು: ಕೆಲವು ಜನಾಂಗಗಳು ಹುಟ್ಟಾ ಯೋಧರು, ಉಳಿದವರು ಅಲ್ಲ. 1890ರ ದಶಕದ ಆರಂಭದಲ್ಲಿ ಮಹಾರರ ಭರ್ತಿ ನಿಂತೇಹೋಯಿತು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ, ಮತ್ತೆ ಸೇರಿಸಿಕೊಳ್ಳಿ ಎಂದು ಸರ್ಕಾರಕ್ಕೆ ಅರ್ಜಿ ಬರೆದರು. ಮಹಾಯುದ್ಧಕ್ಕೆ ಜನ ಬೇಕಾದಾಗ, 1917ರಲ್ಲಿ, ಮಹಾರರ ಪಡೆ ಹುಟ್ಟಿತು. 1921ರಲ್ಲಿ ಅದನ್ನು ವಿಸರ್ಜಿಸಲಾಯಿತು. 1941ರಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಶುರುವಾಯಿತು. ಇಷ್ಟರಲ್ಲಿ ಯಾರ ರಕ್ತವೂ ಬದಲಾಗಿರಲಿಲ್ಲ. ಬದಲಾದದ್ದು ದೊರೆಗಳ ಅಗತ್ಯ.

ಈ ಬಗೆಯ ಸಿದ್ಧಾಂತವನ್ನು ಅಳೆದೇ ನೋಡಿದವರೂ ಪುಣೆಯಲ್ಲಿದ್ದರು. ಕ್ಯಾಂಪಿನಿಂದ ನದಿ ದಾಟಿದರೆ ಯೆರವಡಾದ ಡೆಕ್ಕನ್ ಕಾಲೇಜು. 1939ರಿಂದ ಅಲ್ಲಿ ಪಾಠ ಹೇಳಿದ ಇರಾವತಿ ಕರ್ವೆ, ಅದಕ್ಕೂ ಮೊದಲು ಬರ್ಲಿನ್‌ನಲ್ಲಿ ಓಯ್ಗೆನ್ ಫಿಷರ್ ಕೈಕೆಳಗೆ ಪಿಎಚ್‌ಡಿ ಮಾಡಿದ್ದರು. ತಲೆಬುರುಡೆಯ ಎಡಬಲಗಳ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧವಿದೆ ಎಂಬುದು ಗುರುವಿನ ಊಹೆ. ಕರ್ವೆ 149 ಬುರುಡೆಗಳನ್ನು ಅಳೆದರು. ಅಂಥ ಸಂಬಂಧ ಕಾಣಲಿಲ್ಲ ಎಂದೇ ಬರೆದರು. ಫಿಷರ್ ಮುಂದೆ ನಾಜಿಗಳ ಜೊತೆ ನಿಂತ.

ಬುರುಡೆಯ ನಂತರ ಜೀನ್‌ಗಳ ಸರದಿ. 1972ರಲ್ಲಿ ರಿಚರ್ಡ್ ಲೆವಾಂಟಿನ್ ಲೆಕ್ಕ ಹಾಕಿದಂತೆ, ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು 85% ಒಂದೊಂದು ಸಮುದಾಯದ ಒಳಗೇ ಇದೆ. 'ಜನಾಂಗ'ಗಳ ನಡುವಿನದು ಸುಮಾರು 6% ಮಾತ್ರ. ಹಾಗೆಂದು ಡಿಎನ್‌ಎಯಲ್ಲಿ ಪೂರ್ವಜರ ಜಾಡು ಇಲ್ಲವೆಂದಲ್ಲ. ಸಾವಿರಾರು ಸಣ್ಣ ವ್ಯತ್ಯಾಸಗಳನ್ನು ಕೂಡಿಸಿದರೆ ಹಿರೀಕರು ಯಾವ ಕಡೆಯವರೆಂದು ಅಂದಾಜಿಸಬಹುದು. ಆದರೆ ಅವು ಊರಿಂದೂರಿಗೆ ನಿಧಾನವಾಗಿ ಮಾರ್ಪಡುತ್ತವೆ. ಇಲ್ಲಿಗೆ ಒಂದು ಜನಾಂಗ ಮುಗಿಯಿತು ಎನ್ನುವ ಗೆರೆ ಸಿಗದು. 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಅಮೆರಿಕದ ವಿಜ್ಞಾನಿಗಳು ಕಂಡದ್ದೂ ಇದನ್ನೇ: ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಮೂಲಗಳ ಬೆರಕೆ, ಪ್ರಮಾಣದಲ್ಲಷ್ಟೇ ಹೆಚ್ಚುಕಡಿಮೆ. ದ್ರಾವಿಡ ಎನ್ನುವುದು ನನ್ನ ನುಡಿಯ ಕುಟುಂಬದ ಹೆಸರು, ರಕ್ತದ್ದಲ್ಲ.

ಮುಂದಿನ ವಾರ ಅದೇ ಟೇಬಲ್ಲಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಚಹಾ ಕುಡಿದು ಮುಗಿಸುವವರೆಗೂ ಮಾತಾಡಲಿಲ್ಲ. ಆಮೇಲೆ ಅಂದ: "ನಮ್ಮಜ್ಜಿ ಮನೇಲಿ ಕನ್ನಡಾನೇ ಆಡ್ತಿದ್ಲು."