ವೆಂಕಟಪ್ಪನವರ ಮೊದಲ ಶಾಲೆ

ಚಾಮರಾಜಪೇಟೆಯ ನಮ್ಮಜ್ಜಿಯ ಮನೆಯ ದೇವರ ಕೋಣೆಯಲ್ಲಿ ಮೈಸೂರು ಶೈಲಿಯ ರಾಮ ಪಟ್ಟಾಭಿಷೇಕದ ಚಿತ್ರವೊಂದಿತ್ತು. ರಾಮನ ಕಿರೀಟ ಹಲಗೆಯಿಂದ ಕೊಂಚವೇ ಉಬ್ಬಿಕೊಂಡಿತ್ತು. ಅದನ್ನು ಮುಟ್ಟಿ ಬೈಸಿಕೊಂಡಿದ್ದೇನೆ. ಬರೆದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಸಂಶೋಧನೆಗೆಂದು ಕಲಾವಿದ ಕೆ. ವೆಂಕಟಪ್ಪನವರ (1886–1965) ಬಗ್ಗೆ ಓದತೊಡಗಿದಾಗ ಆ ಕಿರೀಟ ನೆನಪಾಯಿತು. ಅವರ ಕಲಿಕೆಯ ಕಥೆಯನ್ನು ಸಾಮಾನ್ಯವಾಗಿ 1909ರಿಂದ ಹೇಳುತ್ತೇವೆ: ಕಲ್ಕತ್ತೆಯ ಸರ್ಕಾರಿ ಕಲಾಶಾಲೆ, ಅವನೀಂದ್ರನಾಥ ಠಾಕೂರರ ಶಿಷ್ಯತ್ವ, 1913ರಲ್ಲಿ ಪ್ರಕಟವಾದ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕಕ್ಕೆ ನಂದಲಾಲ್ ಬೋಸ್ ಮೊದಲಾದವರ ಜೊತೆ ಬರೆದ ಚಿತ್ರಗಳು. ಅದಕ್ಕೆ ಮುಂಚಿನದೆಲ್ಲ ಒಂದೇ ಸಾಲು: ಮೈಸೂರಿನ ಚಿತ್ರಗಾರರ ಮನೆತನ, ತಂದೆ ಅರಮನೆಯ ಚಿತ್ರಕಾರರು.

ಆ ಒಂದು ಸಾಲಿನಲ್ಲೇ ಒಂದು ಶಾಲೆಯಿದೆ. ಚಿತ್ರಗಾರರ ಮನೆಯ ಮಕ್ಕಳು ನೋಡುತ್ತ ಬೆಳೆಯುವ ಕೆಲಸವಿದು: ಹಲಗೆ ಹದ ಮಾಡಿ ರೇಖೆ ಎಳೆಯುವುದು, ಸಫೇದವನ್ನು ಅಂಟಿನೊಂದಿಗೆ ಅರೆಯುವುದು, ಅದನ್ನು ಕುಂಚದ ತುದಿಯಿಂದ ಒಡವೆಯ ಗೆರೆಗಳ ಮೇಲೆ ಪದರಪದರವಾಗಿ ಏರಿಸಿ ಚಿನ್ನದ ರೇಕು ಕೂರಿಸುವುದು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಮೈಸೂರಿನಲ್ಲಿ ತೆಳು. ಎಷ್ಟು ಏರಿಸಿ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅಳತೆಗೋಲಿಲ್ಲ, ಕೈಯ ಅಂದಾಜೇ ಲೆಕ್ಕ.

ಕಲ್ಕತ್ತೆಯಲ್ಲಿ ಕಲಿತ ಜಲವರ್ಣ ವೆಂಕಟಪ್ಪನವರಿಗೆ ಊಟಿಯ ಮಂಜು, ಬೆಳದಿಂಗಳನ್ನು ಬರೆಯಲು ಒದಗಿಬಂತು. ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಆಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಚಿತ್ರಗಳನ್ನು ಮಾಡಿದರು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವುಗಳ ಮುಂದೆ ಮೊದಲ ಸಲ ನಿಂತಾಗ ನನ್ನ ಬೆರಳು ತಾನಾಗಿ ಮುಂದೆ ಹೋಯಿತು. ಚಿನ್ನವಿಲ್ಲ, ಬಣ್ಣವಿಲ್ಲ. ಆದರೆ ಮೇಲೆದ್ದೂ ಏಳದಂತಿರುವ ಆ ಸಂಯಮ ನಾನು ಮುಟ್ಟಿ ಬೈಸಿಕೊಂಡಿದ್ದ ಕಿರೀಟದ್ದೇ ಅನ್ನಿಸಿತು.

ಇದು ನನ್ನ ಓದು, ದಾಖಲೆಯ ಮಾತಲ್ಲ. ಆದರೂ ನನ್ನ ಪ್ರಬಂಧದ ಮೊದಲ ಕರಡನ್ನು ಬದಲಿಸಲು ಅಷ್ಟು ಸಾಕಾಯಿತು. ಅದರಲ್ಲಿ 1909ಕ್ಕೆ ಗೆರೆ ಎಳೆದು, ಈಚೆಗೆ 'ಕಲಾವಿದ', ಆಚೆಗೆ 'ಕುಶಲಕರ್ಮಿ' ಎಂದು ಬರೆದಿದ್ದೆ. ಹಾಗೆ ಬರೆದರೆ ವೆಂಕಟಪ್ಪನವರಿಗೆ ನಷ್ಟವೇನಿಲ್ಲ, ಅವರ ಹೆಸರಿನ ಕಟ್ಟಡವೇ ಇದೆ. ನಷ್ಟವೆಲ್ಲ ಹೆಸರು ಬರೆಯದೆ ಹೋದವರಿಗೆ. ಈಗ ಮೊದಲ ಅಧ್ಯಾಯ ಸಫೇದ ಅರೆಯುವುದರಿಂದ ಶುರುವಾಗುತ್ತದೆ.