ದೆಹಲಿಯ ಚಳಿಗೆ ಹದವಾದ ಪೆಟ್ಟಿಗೆ: ಸಭೆಗೂ ಸೈ, ಸುತ್ತಾಟಕ್ಕೂ ಸೈ

ಸಚಿವಾಲಯದಲ್ಲಿ ಸಭೆ, ವಸ್ತುಪ್ರದರ್ಶನದಲ್ಲಿ ಮಳಿಗೆ, ಸುಪ್ರೀಂ ಕೋರ್ಟಿನಲ್ಲಿ ಮೊಕದ್ದಮೆ. ಕಾರಣ ಯಾವುದೇ ಇರಲಿ, ಡಿಸೆಂಬರ್ ಮತ್ತು ಜನವರಿಯಲ್ಲಿ ಕೆಲಸದ ಮೇಲೆ ದೆಹಲಿಗೆ ಹೊರಡುವ ಕನ್ನಡಿಗರು ಜೊತೆಗೆ ಒಂದೆರಡು ದಿನ ಉಳಿದು ಆಗ್ರಾವನ್ನೋ ಹಳೆ ದೆಹಲಿಯನ್ನೋ ನೋಡಿ ಬರುವುದುಂಟು. ಅಂಥ ಪ್ರಯಾಣದಲ್ಲಿ ಟಿಕೆಟ್, ಕೊಠಡಿಗಳ ಏರ್ಪಾಡಿಗಿಂತ ಹೆಚ್ಚು ತಲೆನೋವು ತರುವುದು ಬಟ್ಟೆಯ ಪೆಟ್ಟಿಗೆ. ಬೆಂಗಳೂರಿನ ಚಳಿಯನ್ನು ಅಳತೆಗೋಲಾಗಿ ಇಟ್ಟುಕೊಂಡವರು ನಡುಗುತ್ತಾರೆ. ಹಿಮಾಲಯಕ್ಕೇ ಹೊರಟವರಂತೆ ದಪ್ಪನೆಯ ಕೋಟು ಹೊತ್ತವರು ಮಧ್ಯಾಹ್ನ ಬೆವರುತ್ತಾರೆ.

ಚಳಿಯ ಸ್ವಭಾವ

ಬೆಂಗಳೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ ಸುಮಾರು 16 ಡಿಗ್ರಿ ಸೆಲ್ಸಿಯಸ್. ದೆಹಲಿಯಲ್ಲಿ ಅದು 7ರಿಂದ 8 ಡಿಗ್ರಿ. ಆದರೆ ಅಲ್ಲಿಯ ಮಧ್ಯಾಹ್ನದ ಸರಾಸರಿ ಉಷ್ಣಾಂಶ ಸುಮಾರು 20 ಡಿಗ್ರಿ ಮುಟ್ಟುತ್ತದೆ. ಅಂದರೆ ಒಂದೇ ದಿನದಲ್ಲಿ ಸುಮಾರು 12 ಡಿಗ್ರಿಗಳ ಏರಿಳಿತ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿಯೆಂದು ಪರಿಗಣಿಸುತ್ತದೆ. 2006ರ ಜನವರಿ 8ರಂದು ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ಕೇವಲ 0.2 ಡಿಗ್ರಿ ದಾಖಲಾಗಿತ್ತು. 2019ರ ಡಿಸೆಂಬರ್ 30ರಂದು ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿಯನ್ನು ದಾಟಲಿಲ್ಲ. ಇಂಥ ದಿನಗಳು ಅಪರೂಪವಾದರೂ ಅಸಾಧ್ಯವಲ್ಲ.

ದಕ್ಷಿಣದವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿಯಿದೆ. ಯುರೋಪಿನ ನಗರಗಳಂತೆ ದೆಹಲಿಯ ಕಟ್ಟಡಗಳೆಲ್ಲ ಚಳಿಗಾಲಕ್ಕೆಂದು ಬೆಚ್ಚಗಿಟ್ಟವಲ್ಲ. ಅನೇಕ ಮನೆ, ಅತಿಥಿಗೃಹ ಮತ್ತು ಹಳೆಯ ಕಚೇರಿಗಳಲ್ಲಿ ಕೋಣೆಯ ಮೂಲೆಯ ಒಂದು ಹೀಟರ್ ಬಿಟ್ಟರೆ ಬೇರೆ ಆಸರೆಯಿಲ್ಲ. ಒಳಗೆ ಹೋದ ಕೂಡಲೇ ಕೋಟು ಕಳಚಿ, ತೆಳು ಅಂಗಿಯಲ್ಲಿ ಕೂರಬಹುದೆಂಬ ಎಣಿಕೆ ಇಲ್ಲಿ ಹುಸಿಯಾಗುತ್ತದೆ. ಆದ್ದರಿಂದ ಮೈ ಬೆಚ್ಚಗಿಡುವ ಉಡುಪೇ ಸಭೆಯಲ್ಲಿ ಕಾಣುವ ಉಡುಪೂ ಆಗಿರಬೇಕು.

ಮೂರು ಪದರದ ಸೂತ್ರ

ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆಗಳು ಮೇಲು. ಪದರಗಳ ನಡುವೆ ಸಿಲುಕುವ ಗಾಳಿಯೇ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಬಿಸಿಲೇರಿದಂತೆ ಒಂದೊಂದನ್ನೇ ಕಳಚಲೂಬಹುದು.

ಮೊದಲ ಪದರ ಮೈಗೆ ಅಂಟಿಕೊಳ್ಳುವ ಥರ್ಮಲ್ ಒಳಉಡುಪು. ಅಂಗಿಯ ಕೊರಳಿನಿಂದ ಇಣುಕದಂತೆ ಇಳಿಗೊರಳಿನದನ್ನು ಆರಿಸಬೇಕು. ಎರಡನೆಯದು ತೆಳು ಉಣ್ಣೆಯ ಸ್ವೆಟರ್. ಉಣ್ಣೆಯ ಎಳೆಗಳು ಸಹಜವಾಗಿಯೇ ಸುರುಳಿಯಾಗಿರುವುದರಿಂದ ಗಾಳಿಯನ್ನು ಹಿಡಿದಿಡುತ್ತವೆ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿದರೂ ಉಣ್ಣೆ ಮೈಗೆ ಒದ್ದೆಯೆನಿಸದು. ಬೆವರಿಗೆ ನೆಂದ ಹತ್ತಿಯ ಬನಿಯನ್ನು ಮಾತ್ರ ಚಳಿಯಲ್ಲಿ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.

ಮೂರನೆಯ ಪದರವೇ ಉಡುಪಿನ ಗತ್ತನ್ನು ನಿರ್ಧರಿಸುವುದು. ಪುರುಷರಿಗೆ ಉಣ್ಣೆ ಬೆರೆತ ಬ್ಲೇಜರ್ ಆದೀತು. ಕೊರಳು ಮುಚ್ಚುವ ಬಂದ್‌ಗಲಾ ಕೋಟು ಇನ್ನೂ ಉತ್ತಮ. ಟೈ ಕಟ್ಟುವ ಗೋಜಿಲ್ಲ, ಒಳಗಿನ ಸ್ವೆಟರ್ ಕಾಣುವುದಿಲ್ಲ, ಕೊರಳಿಗೆ ಗಾಳಿ ತಾಗುವುದಿಲ್ಲ. ಹಳೆ ಮೈಸೂರಿನ ಅಧಿಕಾರಿಗಳು ತೊಡುತ್ತಿದ್ದ ಮುಚ್ಚುಕೊರಳಿನ ಕೋಟನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ಭಾನುವಾರದ ಸುತ್ತಾಟಕ್ಕೆ ಅದೇ ಕೋಟನ್ನು ಜೀನ್ಸ್ ಮೇಲೆ ತೊಟ್ಟರೂ ಆಭಾಸವಾಗದು.

ಮಹಿಳೆಯರು ಸೀರೆಯನ್ನು ಬಿಡಬೇಕಾಗಿಲ್ಲ. ತುಂಬುತೋಳಿನ ರವಿಕೆ, ಲಂಗದೊಳಗೆ ಥರ್ಮಲ್ ಲೆಗ್ಗಿಂಗ್ಸ್, ಮೇಲೊಂದು ಉದ್ದನೆಯ ಕೋಟು ಅಥವಾ ಶಾಲು ಇದ್ದರೆ ಮೈಸೂರು ರೇಷ್ಮೆ ದೆಹಲಿಯ ಸಂಜೆಯ ಔತಣಕ್ಕೂ ಒಪ್ಪುತ್ತದೆ. ಅದು ಹಗುರ, ಪೆಟ್ಟಿಗೆಯಲ್ಲಿ ಹೆಚ್ಚು ಜಾಗ ಬೇಡುವುದಿಲ್ಲ. ಹಗಲಿನ ಸಭೆಗಳಿಗೆ ದಪ್ಪ ಬಟ್ಟೆಯ ಪ್ಯಾಂಟ್ ಅಥವಾ ಸಲ್ವಾರ್ ಮೇಲೆ ಬ್ಲೇಜರ್ ಸಾಕು.

ಐದು ದಿನಕ್ಕೆ ಎಷ್ಟು?

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರಿಗೆ ಕೈಚೀಲಕ್ಕೆ 7 ಕಿಲೋ, ಒಪ್ಪಿಸುವ ಸಾಮಾನಿಗೆ 15 ಕಿಲೋ ಮಿತಿ ಸಾಮಾನ್ಯವಾಗಿ ಇರುತ್ತದೆ. ಟಿಕೆಟ್ ಮೇಲೆ ನಮೂದಾದ ಮಿತಿಯನ್ನು ಒಮ್ಮೆ ಖಚಿತಪಡಿಸಿಕೊಳ್ಳಬೇಕು. ಬುಧವಾರದಿಂದ ಶುಕ್ರವಾರದವರೆಗೆ ಕೆಲಸ, ಶನಿವಾರ ಆಗ್ರಾ, ಭಾನುವಾರ ದೆಹಲಿ ಎಂದಿಟ್ಟುಕೊಂಡರೆ ಈ ಪಟ್ಟಿ ಸಾಕಾಗುತ್ತದೆ:

* ಬ್ಲೇಜರ್ ಅಥವಾ ಬಂದ್‌ಗಲಾ: 1
* ಚಿಕ್ಕದಾಗಿ ಮಡಚಿಡಬಹುದಾದ ಹಗುರ ಜಾಕೆಟ್: 1
* ತೆಳು ಉಣ್ಣೆಯ ಸ್ವೆಟರ್ ಅಥವಾ ಕಾರ್ಡಿಗನ್: 2
* ಥರ್ಮಲ್ ಒಳಉಡುಪು: 2 ಜೊತೆ
* ಅಂಗಿ ಅಥವಾ ಕುರ್ತಾ: 4
* ಪ್ಯಾಂಟ್ ಅಥವಾ ಸಲ್ವಾರ್: ಕಚೇರಿಗೆ 1, ಸುತ್ತಾಟಕ್ಕೆ 1
* ಔತಣವಿದ್ದರೆ ರೇಷ್ಮೆ ಸೀರೆ: 1
* ಕಾಲುಚೀಲ: 5 ಜೊತೆ, ಅದರಲ್ಲಿ 2 ಉಣ್ಣೆಯವು
* ಶಾಲು ಅಥವಾ ಮಫ್ಲರ್, ಟೋಪಿ, ಕೈಗವಸು: ತಲಾ 1

ಈ ಲೆಕ್ಕ ಕೂಡಿಬರಬೇಕಾದರೆ ಬಣ್ಣಗಳಲ್ಲಿ ಮಿತವ್ಯಯ ಬೇಕು. ಕಡುನೀಲಿ, ಬೂದು, ಕಪ್ಪುಗಳಲ್ಲಿ ಎರಡನ್ನು ಮೂಲ ಬಣ್ಣಗಳಾಗಿ ಆರಿಸಿಕೊಂಡರೆ ಯಾವ ಅಂಗಿ ಯಾವ ಪ್ಯಾಂಟಿಗೂ ಹೊಂದುತ್ತದೆ. ಕುಂಕುಮಗೆಂಪಿನ ಮಫ್ಲರ್ ಅಥವಾ ಅರಿಶಿನ ಬಣ್ಣದ ಶಾಲು ನಿತ್ಯದ ಉಡುಪಿಗೆ ಹೊಸತನ ತರುತ್ತದೆ. ದೆಹಲಿಯ ಚಳಿಗಾಲದ ಹೊಗೆ ಧೂಳಿಗೆ ಬಿಳಿ ಕೋಟು ಎರಡೇ ದಿನದಲ್ಲಿ ಮಾಸೀತು. ಅದೇ ಕಾರಣಕ್ಕೆ ಎನ್95 ಮುಖಗವಸನ್ನೂ ಇಟ್ಟುಕೊಳ್ಳುವುದು ಲೇಸು.

ಭಾರವಾದ ಬೂಟು ಮತ್ತು ಕೋಟನ್ನು ತೊಟ್ಟುಕೊಂಡೇ ಹೊರಟರೆ ಪೆಟ್ಟಿಗೆಯ ತೂಕ ಇಳಿಯುತ್ತದೆ. ಬೂಟನ್ನು ಹೊಸದಾಗಿ ಕೊಂಡಿದ್ದರೆ ವಾರ ಮೊದಲೇ ತೊಟ್ಟು ರೂಢಿಸಿಕೊಳ್ಳಬೇಕು. ಸಭೆಗೂ ಒಪ್ಪುವ, ಮೈಲಿಗಟ್ಟಲೆ ನಡಿಗೆಗೂ ತಾಳುವ, ರಬ್ಬರ್ ಅಟ್ಟೆಯ ಚರ್ಮದ ಬೂಟು ಒಂದಿದ್ದರೆ ಎರಡನೆಯದು ಬೇಡ.

ಮಂಜನ್ನು ಮರೆಯದಿರಿ

ಗಾಳಿ ಸ್ತಬ್ಧವಾಗಿ, ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ನೆಲ ಬೇಗನೆ ತಣಿದು ಗಂಗಾ ಬಯಲಿನುದ್ದಕ್ಕೂ ದಟ್ಟ ಮಂಜು ಕವಿಯುತ್ತದೆ. ಆಗ ವಿಮಾನ ಮತ್ತು ರೈಲುಗಳು ತಾಸುಗಟ್ಟಲೆ ತಡವಾಗುತ್ತವೆ. ಒಪ್ಪಿಸಿದ ಪೆಟ್ಟಿಗೆ ಮರುದಿನ ಕೈಸೇರಿದ ಪ್ರಸಂಗಗಳೂ ಇಲ್ಲದಿಲ್ಲ. ಆದ್ದರಿಂದ ಮೊದಲ ದಿನದ ಸಭೆಗೆ ಬೇಕಾದ ಅಂಗಿ, ಒಂದು ಜೊತೆ ಥರ್ಮಲ್, ಔಷಧಿ, ಕಾಗದಪತ್ರಗಳು ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನಂತೂ ಕೈಚೀಲದಲ್ಲೇ ಒಯ್ಯಬೇಕೆಂಬುದು ನಿಯಮ. ಸಾಧ್ಯವಾದರೆ ಸಭೆಯ ಹಿಂದಿನ ಮಧ್ಯಾಹ್ನವೇ ತಲುಪುವಂತೆ ಟಿಕೆಟ್ ಕಾದಿರಿಸುವುದು ಕ್ಷೇಮ.

ತಾಜ್‌ಮಹಲ್‌ಗೆ ಶುಕ್ರವಾರ ರಜೆ. ಹಾಗಾಗಿ ಆಗ್ರಾ ಭೇಟಿಗೆ ಶನಿವಾರವೇ ಅನುಕೂಲ. ಮುಖ್ಯ ಸಮಾಧಿಯ ಬಳಿ ಬೂಟು ಕಳಚಬೇಕು ಇಲ್ಲವೇ ಹೊದಿಕೆ ತೊಡಬೇಕು. ಮುಂಜಾನೆಯ ಅಮೃತಶಿಲೆ ಮಂಜುಗಡ್ಡೆಯಂತಿರುವುದರಿಂದ ಉಣ್ಣೆಯ ಕಾಲುಚೀಲದ ಬೆಲೆ ಅಲ್ಲಿ ತಿಳಿಯುತ್ತದೆ. ದೆಹಲಿಯ ಬಂಗ್ಲಾ ಸಾಹಿಬ್ ಗುರುದ್ವಾರದಲ್ಲಿ ತಲೆ ಮುಚ್ಚಿಕೊಳ್ಳಲು ಶಾಲೇ ಸಾಕು.

ಕೊಳ್ಳುವುದೆಲ್ಲಿ?

ಎಲ್ಲವನ್ನೂ ಹೊರಡುವ ಮುನ್ನವೇ ಕೊಳ್ಳಬೇಕಿಲ್ಲ. ಸ್ವೆಟರ್‌ಗಳನ್ನು ಚಳಿಗಾಲದಲ್ಲಿ ರಾಜ್ಯದ ಊರೂರುಗಳಲ್ಲಿ ಮಳಿಗೆ ಹೂಡುವ ಟಿಬೆಟನ್ನರಲ್ಲಿ ಕೊಳ್ಳಬಹುದು. ಶಾಲುಗಳಿಗೆ 1994ರಲ್ಲಿ ಆರಂಭವಾದ ದಿಲ್ಲಿ ಹಾತ್ ಒಳ್ಳೆಯ ತಾಣ. ಆದರೆ ಪಶ್ಮೀನಾ ಎಂಬ ಹೆಸರಿಗೆ ಮರುಳಾಗಬಾರದು. ನಿಜವಾದ ಪಶ್ಮೀನಾ ಲಡಾಖಿನ ಎತ್ತರದ ಬಯಲುಗಳ ಮೇಕೆಯ ಒಳತುಪ್ಪಳದಿಂದ ಬರುತ್ತದೆ. ನೂಲುವುದು, ನೇಯುವುದು ಕೈಯಿಂದಲೇ ಆದ್ದರಿಂದ ಕೆಲವು ನೂರು ರೂಪಾಯಿಗೆ ಅದು ಸಿಗಲಾರದು. ಕಾಶ್ಮೀರಿ ಪಶ್ಮೀನಾಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದ್ದು, ಆ ಗುರುತಿನ ಚೀಟಿಯನ್ನು ಕೇಳಿ ಪಡೆಯಬೇಕು. ಅಷ್ಟು ದುಬಾರಿ ಬೇಡವೆನ್ನುವವರಿಗೆ ಅಂಚಿನಲ್ಲಿ ಬಣ್ಣದ ಚಿತ್ತಾರವಿರುವ ಕುಲು ಶಾಲು ಉತ್ತಮ ಆಯ್ಕೆ.

ಹೊರಡುವ ಎರಡು ದಿನ ಮೊದಲು ಬೀರುವಿನ ಉಣ್ಣೆ ಬಟ್ಟೆಗಳನ್ನು ತೆಗೆದು ನೆರಳಿನಲ್ಲಿ ಗಾಳಿಗೆ ಹರವಬೇಕು. ಎಷ್ಟೇ ಅಂದದ ಕೋಟು ತೊಟ್ಟರೂ ಅದರಿಂದ ನುಸಿಗುಳಿಗೆಯ ವಾಸನೆ ಹೊಮ್ಮುತ್ತಿದ್ದರೆ ಸಭೆಯಲ್ಲಿ ಪಕ್ಕದವರು ಕುರ್ಚಿ ಸರಿಸಿಕೊಳ್ಳುವುದು ಖಚಿತ. ಮರಳಿದ ಮೇಲೆ ಉಣ್ಣೆಯನ್ನು ತಣ್ಣೀರಿನಲ್ಲಿ ಮೃದುವಾಗಿ ತೊಳೆದು, ಹಿಂಡದೆ, ಸಮತಟ್ಟಾಗಿ ಹರವಿ ಒಣಗಿಸಬೇಕು. ತಂತಿಗೆ ನೇತುಹಾಕಿದ ಸ್ವೆಟರ್ ಜಗ್ಗಿ ಆಕಾರ ಕೆಡುತ್ತದೆ. ಹೀಗೆ ಜೋಪಾನ ಮಾಡಿದರೆ ಒಮ್ಮೆ ಕೊಂಡ ಉಡುಪು ಹಲವು ದೆಹಲಿ ಪ್ರಯಾಣಗಳಿಗೆ ಒದಗುತ್ತದೆ.