ಗಾನಶಿಕ್ಷಕರ ಗುರು ಜೋಲ್ತಾನ್ ಕೊದಾಯ್

ದೇವಾಲಯಗಳ ಚರಿತ್ರೆಯನ್ನು ಬರೆಯುವಾಗ ಅಡಿಗಲ್ಲು ಇರಿಸಿದ ಬಿಷಪರ ಹೆಸರು, ಗೋಪುರ ಕಟ್ಟಿಸಿದ ಗುರುಗಳ ಹೆಸರು, ಗಂಟೆಯನ್ನು ದಾನವಿತ್ತ ಮನೆತನದ ಹೆಸರು ತಪ್ಪದೆ ದಾಖಲಾಗುತ್ತವೆ. ಮಕ್ಕಳನ್ನು ಕೂಡಿಸಿಕೊಂಡು ಸ್ತುತಿಗೀತೆ ಕಲಿಸಿದವರ ಹೆಸರು ಮಾತ್ರ ಬಹುಮಟ್ಟಿಗೆ ಮರೆತುಹೋಗುತ್ತದೆ. ಅಂಥವರ ಕಾರ್ಯವೇ ಒಂದು ನಾಡಿನ ಸಂಗೀತಕ್ಕೆ ಬುನಾದಿಯೆಂದು ನಂಬಿ, ಕೀರ್ತಿಶಾಲಿಗಳಾಗಿದ್ದಾಗಲೇ ಅವರ ನೆರವಿಗೆ ನಿಂತ ಪ್ರಾಧ್ಯಾಪಕರೊಬ್ಬರ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ. ಅವರೇ ಹಂಗೇರಿಯ ಜೋಲ್ತಾನ್ ಕೊದಾಯ್.

ಕೊದಾಯ್ ಅವರು 1882ರ ಡಿಸೆಂಬರ್ 16ರಂದು ಕೆಚ್ಕೆಮೇತ್ ಪಟ್ಟಣದಲ್ಲಿ ಜನಿಸಿದರು. ತಂದೆ ರೈಲ್ವೆ ಅಧಿಕಾರಿ. ವರ್ಗಾವಣೆಗಳ ನಿಮಿತ್ತ ಬಾಲ್ಯವು ಗಲಾಂತಾ ಎಂಬ ಊರಿನಲ್ಲಿಯೂ ಅನಂತರ ತ್ರ್ನಾವಾ ನಗರದಲ್ಲಿಯೂ ಕಳೆಯಿತು. ಇವೆರಡೂ ಇಂದು ಸ್ಲೊವಾಕಿಯಕ್ಕೆ ಸೇರಿವೆ. ಗಲಾಂತಾದಲ್ಲಿ ಬರಿಗಾಲಿನ ಹಳ್ಳಿಯ ಹುಡುಗರು ಅವರ ಸಹಪಾಠಿಗಳು. ತ್ರ್ನಾವಾದ ಪ್ರಧಾನಾಲಯದ ಗಾನವೃಂದದಲ್ಲಿ ಹಾಡಿ, ಅಲ್ಲಿಯ ಗ್ರಂಥಭಂಡಾರದಲ್ಲಿದ್ದ ಸ್ವರಲಿಪಿಗಳನ್ನು ತಾವೇ ಬಿಡಿಸಿ ಓದಿಕೊಂಡರು. ದೇವಾಲಯವೇ ಅವರ ಮೊದಲ ಸಂಗೀತಶಾಲೆಯೆಂದರೆ ತಪ್ಪಾಗಲಾರದು.

1900ರಲ್ಲಿ ಬುಡಾಪೆಸ್ಟಿಗೆ ಬಂದು ವಿಶ್ವವಿದ್ಯಾನಿಲಯದಲ್ಲಿ ಭಾಷಾಸಾಹಿತ್ಯಗಳನ್ನೂ ಸಂಗೀತ ಅಕಾಡೆಮಿಯಲ್ಲಿ ಗೀತರಚನೆಯನ್ನೂ ಜೊತೆಜೊತೆಯಾಗಿ ಅಭ್ಯಸಿಸಿದರು. ಜನಪದ ಗೀತೆಗಳ ಪದ್ಯರಚನೆಯನ್ನು ಕುರಿತ ಪ್ರಬಂಧಕ್ಕೆ 1906ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಮಿತ್ರ ಬೇಲಾ ಬಾರ್ತೋಕರೂ ಅವರೂ ಹಳ್ಳಿಹಳ್ಳಿ ಸುತ್ತಿ ರೈತರ ಹಾಡುಗಳನ್ನು ಬರೆದುಕೊಂಡರು, ಫೋನೋಗ್ರಾಫಿನ ಮೇಣದ ಉರುಳೆಗಳಲ್ಲಿ ತುಂಬಿಕೊಂಡರು. 1907ರಲ್ಲಿ ಅದೇ ಅಕಾಡೆಮಿಯ ಅಧ್ಯಾಪಕರಾದರು. ಇಂದು ಅದು ಲಿಸ್ಟ್ ಸಂಗೀತ ವಿಶ್ವವಿದ್ಯಾನಿಲಯವೆನಿಸಿದೆ. 1919ರ ರಾಜಕೀಯ ಕ್ಷೋಭೆಯ ತರುವಾಯ ಅವರನ್ನು ಉಪನಿರ್ದೇಶಕ ಪದವಿಯಿಂದ ತೆಗೆದು, ಎರಡು ವರ್ಷಗಳಿಗೂ ಹೆಚ್ಚು ಕಾಲ ಬೋಧನೆಯಿಂದ ದೂರವಿರಿಸಲಾಯಿತು. ಮರಳಿ ಬಂದವರು 1923ರಲ್ಲಿ 55ನೆಯ ಕೀರ್ತನೆಯ ಹಳೆಯ ಹಂಗೇರಿಯನ್ ರೂಪಕ್ಕೆ ರಾಗ ಸಂಯೋಜಿಸಿದರು. ಮಿತ್ರದ್ರೋಹದಿಂದ ನೊಂದ ದಾವೀದನ ಆ ಮೊರೆ ಅವರ ಹೆಸರನ್ನು ಯೂರೋಪಿನಲ್ಲೆಲ್ಲ ಹರಡಿತು.

ಆಮೇಲೆ ನಡೆದುದೇ ನಮಗೆ ಮುಖ್ಯ. ವಿಹಾರಕ್ಕೆ ಬಂದ ಬಾಲಿಕೆಯರು ಹಾಡುತ್ತಿದ್ದ ಹುರುಳಿಲ್ಲದ ಹಾಡುಗಳನ್ನು ಕೇಳಿ ಅವರ ಮನಸ್ಸು ಬಹಳ ನೊಂದಿತೆಂದು ಹೇಳುತ್ತಾರೆ. ಅಕಾಡೆಮಿಗೆ ಬರುವ ಪ್ರತಿಭಾವಂತರು ಬೆರಳೆಣಿಕೆಯವರು. ಉಳಿದ ಜನಕ್ಕೆ ಕಿವಿ ತೆರೆಯಿಸುವವರು ಯಾರು? 1925ರಿಂದ ಅವರು ಮಕ್ಕಳ ಗಾನವೃಂದಗಳಿಗೆಂದು ಬರೆಯತೊಡಗಿದರು. 1929ರ ಒಂದು ಲೇಖನದಲ್ಲಂತೂ, ರಾಜಧಾನಿಯ ಆಪೆರಾ ನಿರ್ದೇಶಕರು ಯಾರೆಂಬುದಕ್ಕಿಂತ ಸಣ್ಣ ಊರಿನ ಹಾಡಿನ ಮೇಷ್ಟರು ಯಾರೆಂಬುದೇ ಹೆಚ್ಚು ಮುಖ್ಯವೆಂದು ವಾದಿಸಿದರು. ಅಯೋಗ್ಯ ನಿರ್ದೇಶಕನನ್ನು ಬೇಗ ಕಳುಹಿಸಬಹುದು. ಅಯೋಗ್ಯ ಶಿಕ್ಷಕನಾದರೋ ಮೂವತ್ತು ವರ್ಷ ಮಕ್ಕಳ ಸಂಗೀತಪ್ರೇಮವನ್ನು ಚಿವುಟುತ್ತಲೇ ಇರುತ್ತಾನೆ! ಈ ಮಾತು ಎಲ್ಲ ಊರುಗಳಿಗೂ ಸಲ್ಲತಕ್ಕದ್ದೆಂದು ನಮ್ಮ ಅಭಿಪ್ರಾಯ. 1937ರಲ್ಲಿ ಇಬ್ಬರು ಹಾಡತಕ್ಕ ಪುಟ್ಟ ಗೀತೆಗಳ ಸಂಪುಟವೊಂದನ್ನು ಹೊರತಂದಾಗ, ಗಲಾಂತಾದ ಬರಿಗಾಲಿನ ಗೆಳೆಯರನ್ನು ಅದರಲ್ಲಿ ಸ್ಮರಿಸಿದರು.

ಅವರ ಪದ್ಧತಿ ದುಬಾರಿಯದಲ್ಲ. ಪಿಯಾನೋ ಬೇಡ, ದೇವರು ಕೊಟ್ಟ ಕಂಠ ಸಾಕು. ಮಾತೃಭಾಷೆಯ ಜನಪದ ಗೀತೆಯಿಂದಲೇ ಆರಂಭ. ಮೊದಲು ಸೋಲ್, ಮೀ ಎಂಬ ಎರಡೇ ಸ್ವರಗಳ ಹಾಡು. ಅನಂತರ ಐದು ಸ್ವರಗಳು. ಅರ್ಧಸ್ವರಗಳ ತೊಡಕು ಕಡೆಗೆ. ಪ್ರತಿ ಸ್ವರಕ್ಕೂ ಒಂದೊಂದು ಕೈಸನ್ನೆ. ಯಾವ ಶ್ರುತಿಯಲ್ಲಿ ಹಾಡಿದರೂ ಆಧಾರಸ್ವರವು ದೋ ಎಂದೇ ಕರೆಯಿಸಿಕೊಳ್ಳುತ್ತದೆ. ಶ್ರುತಿ ಬದಲಾದರೂ ಷಡ್ಜವನ್ನು ಷಡ್ಜವೆಂದೇ ಹಾಡುವ ನಮ್ಮವರಿಗೆ ಇದು ಹೊಸದೆನಿಸದು. ಇದೆಲ್ಲವೂ ಕೊದಾಯ್ ಅವರ ಸ್ವಂತ ಸೃಷ್ಟಿಯೆಂದರೆ ಅನ್ಯಾಯವಾದೀತು. ಸ್ವರನಾಮಗಳು ಹನ್ನೊಂದನೆಯ ಶತಮಾನದ ಬೆನೆಡಿಕ್ಟೈನ್ ಸನ್ಯಾಸಿ ಅರೆಜ್ಜೋದ ಗ್ವೀದೋ ಅವರು ಸ್ನಾನಿಕ ಸಂತ ಯೊವಾನ್ನರ ಸ್ತುತಿಗೀತೆಯಿಂದ ಆರಿಸಿಕೊಂಡವು. ಕೈಸನ್ನೆಗಳು ಇಂಗ್ಲೆಂಡಿನ ಜಾನ್ ಕರ್ವೆನ್ನರಿಂದ ಬಂದವು. ತರಗತಿಗೆ ಒಗ್ಗುವಂತೆ ಪಾಠಕ್ರಮ ರಚಿಸಿದವರು ಶಿಷ್ಯ ಯೆನೋ ಆದಾಮ್.

ಎರಡನೆಯ ಮಹಾಯುದ್ಧವು ಬುಡಾಪೆಸ್ಟನ್ನು ಮುತ್ತಿದಾಗ ಯೆಹೂದ್ಯ ಮೂಲದ ಪತ್ನಿ ಎಮ್ಮಾರೊಡನೆ ಅವರು ಕನ್ಯಾಸ್ತ್ರೀಯರ ಮಠವೊಂದರ ನೆಲಮಾಳಿಗೆಯಲ್ಲಿ ಅಡಗಿಕೊಂಡರು. ಬಳಿಕ ಆಪೆರಾ ಮಂದಿರದಲ್ಲಿ ಆಶ್ರಯ ದೊರೆಯಿತು. ಆರ್ಗನ್ ವಾದ್ಯಕ್ಕೆಂದು ಹಿಂದೆ ಬರೆದಿದ್ದ ಬಲಿಪೂಜೆಯ ಸಂಗೀತವನ್ನು ಆ ದಿನಗಳಲ್ಲಿಯೇ ಗಾಯಕರಿಗಾಗಿ ತಿದ್ದಿ, ಪತ್ನಿಗೆ ಅರ್ಪಿಸಿದರು. 1945ರ ಫೆಬ್ರವರಿಯಲ್ಲಿ, ಪ್ರೇಕ್ಷಕರು ಮೇಲಂಗಿಗಳನ್ನು ಕಳಚಿಡುವ ಕೊಠಡಿಯಲ್ಲಿ, ಹಾರ್ಮೋನಿಯಂ ನೆರವಿನಿಂದ ಅದನ್ನು ಮೊದಲ ಸಲ ಹಾಡಲಾಯಿತು. ಕ್ರಿಸ್ತಯಾಗದ ಕೊನೆಯ ಪ್ರಾರ್ಥನೆ ಶಾಂತಿಗಾಗಿ. ಹೊರಗೆ ನಗರವು ಹಾಳುಬಿದ್ದಿತ್ತು.

1950ರಲ್ಲಿ ಕೆಚ್ಕೆಮೇತ್ ಪಟ್ಟಣದಲ್ಲಿ ದಿನವೂ ಹಾಡಿನ ಪಾಠವಿರುವ ಪ್ರಾಥಮಿಕ ಶಾಲೆ ಆರಂಭವಾಯಿತು. ಅದೇ ಮಾದರಿಯಲ್ಲಿ ಅನೇಕ ಶಾಲೆಗಳು ಎದ್ದವು. ಕೊದಾಯ್ ಅವರು 1967ರ ಮಾರ್ಚ್ 6ರಂದು ತೀರಿಕೊಂಡರು. ಎಂಟು ವರ್ಷಗಳ ಬಳಿಕ, 1975ರಲ್ಲಿ, ಸಂಗೀತ ಶಿಕ್ಷಕರ ತರಬೇತಿಗಾಗಿ ಅವರ ಹೆಸರಿನ ಸಂಸ್ಥೆಯು ಅದೇ ಪಟ್ಟಣದಲ್ಲಿ ತೆರೆಯಿತು. ಫ್ರಾನ್ಸಿಸ್ಕನ್ ಸನ್ಯಾಸಿಗಳ ಹಳೆಯ ಮಠದ ಕಟ್ಟಡದಲ್ಲಿ ನಾನಾ ದೇಶಗಳ ಶಿಕ್ಷಕ ಶಿಕ್ಷಕಿಯರು ಕುಳಿತು, ಮಕ್ಕಳಿಗೆ ಕಲಿಸುವ ಮೊದಲು ತಾವೇ ಹಾಡಿ ಕಲಿಯುತ್ತಾರೆ.